ಮಚ್ಚು ಹಿಡಿದ ಹುಡುಗ ಸಿಕ್ಕ, ಕೊಟ್ಟವನೆಲ್ಲಿ?

ದಾವಣಗೆರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಮತ್ತು ನಮ್ಮೂರಿನ ತಂದೆ-ತಾಯಂದಿರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ದಾವಣಗೆರೆಯ ಕೋರ್ಟುಗಳಲ್ಲಿ ವಕೀಲಿ ಮಾಡುವವಳು. ಕಾನೂನು ಸೇವಾ ಪ್ರಾಧಿಕಾರದ ಉಚಿತ ಕೇಸುಗಳನ್ನು ನೋಡುತ್ತೇನೆ. ಹದಿನೆಂಟು ತುಂಬದವರ ಕೇಸು ಕೇಳುವ ಬಾಲ ನ್ಯಾಯ ಮಂಡಳಿಯ ಮುಂದೆ ಹುಡುಗರ ಪರ ನಿಲ್ಲುತ್ತೇನೆ. ಮಚ್ಚು, ಲಾಂಗು, ಚಾಕು ಇಟ್ಟುಕೊಂಡು ಸಿಕ್ಕಿಬಿದ್ದವರ ಕೇಸುಗಳು ಈಗೀಗ ನನ್ನ ಮೇಜಿಗೆ ಜಾಸ್ತಿ ಬರುತ್ತಿವೆ, ಅದರಲ್ಲೂ ಇನ್ನೂ ಮೀಸೆ ಮೂಡದ ಹುಡುಗರದ್ದು. ಈ ಕೇಸುಗಳಲ್ಲಿ ನಾವು ಯಾರಿಗೆ ಶಿಕ್ಷೆ ಕೊಡುತ್ತಿದ್ದೇವೆ, ಯಾರನ್ನು ಬಿಟ್ಟುಬಿಡುತ್ತಿದ್ದೇವೆ ಅನ್ನುವುದನ್ನು ನಿಮ್ಮ ಮುಂದೆ ಇಡಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಹಿಡಿಯಬೇಡಿ ಅಂತ ನಾನು ಕೇಳುತ್ತಿಲ್ಲ. ಹಿಡಿಯಲೇಬೇಕು. ಸೊಂಟದಲ್ಲಿ ಚಾಕು ಇದ್ದರೆ ಬಾಯಿಮಾತಿನ ಜಗಳ ಆಸ್ಪತ್ರೆಗೆ ಹೋಗಿ ನಿಲ್ಲುತ್ತದೆ. ಬೈಕ್ ತಾಗಿದ್ದಕ್ಕೆ, ಗುರಾಯಿಸಿದ್ದಕ್ಕೆ, ಹುಡುಗಿ ವಿಷಯಕ್ಕೆ ಶುರುವಾದ ಮಾತು ಅಲ್ಲಿಗೇ ಮುಗಿಯಬೇಕಿತ್ತು, ಕೈಗೆ ಸಿಗುವ ಹಾಗೆ ಮಚ್ಚು ಇದ್ದದ್ದರಿಂದ ಮುಗಿಯಲಿಲ್ಲ ಅನ್ನುವ ಕೇಸುಗಳ ಕಾಗದ ನಾನೇ ಓದಿದ್ದೇನೆ. ಗಾಯಗೊಂಡವನ ತಾಯಿ ಕೋರ್ಟಿನ ಕಾರಿಡಾರಿನಲ್ಲಿ ಕೂತು ಅಳುವುದನ್ನೂ ನೋಡಿದ್ದೇನೆ. ಗಣಪತಿ ಮೆರವಣಿಗೆಯಲ್ಲಿ, ದುಗ್ಗಮ್ಮನ ಜಾತ್ರೆಯ ಗದ್ದಲದಲ್ಲಿ ತಪಾಸಣೆ ಮಾಡುವ ನಿಮ್ಮ ಸಿಬ್ಬಂದಿಯ ಕೆಲಸ ಸಣ್ಣದಲ್ಲ.

ನನ್ನ ತಕರಾರು ಹಿಡಿದ ಮೇಲೆ ಆಗುವುದರ ಬಗ್ಗೆ.

ಒಂದು ಕೇಸು ಹೇಳುತ್ತೇನೆ. ಹುಡುಗನ ಹೆಸರು, ಏರಿಯಾ, ಕಾಲೇಜು, ಠಾಣೆ ಯಾವುದನ್ನೂ ಬರೆಯುವುದಿಲ್ಲ. ವಯಸ್ಸು ಹದಿನಾರು, ಫಸ್ಟ್ ಪಿಯುಸಿ. ರಾತ್ರಿ ತಪಾಸಣೆಯಲ್ಲಿ ಬೈಕ್ ನಿಲ್ಲಿಸಿದಾಗ ಹಿಂದೆ ಕೂತಿದ್ದ ಇವನ ಬ್ಯಾಗಿನಲ್ಲಿ ಲಾಂಗು ಸಿಕ್ಕಿತು. ಅಕೌಂಟೆನ್ಸಿ ನೋಟ್ಸಿನ ಪಕ್ಕದಲ್ಲಿ, ಟವೆಲ್ಲಿನಲ್ಲಿ ಸುತ್ತಿಟ್ಟದ್ದು. ಹಳೇ ಲಾರಿಯ ಸ್ಪ್ರಿಂಗ್ ಪ್ಲೇಟು ಬಡಿದು ಮಾಡಿದ್ದು, ಹಿಡಿಗೆ ಸೈಕಲ್ ಟ್ಯೂಬು ಬಿಗಿದಿತ್ತು. ಬ್ಯಾಗಿಗಿಂತ ಉದ್ದ ಇದ್ದದ್ದರಿಂದ ಜಿಪ್ ಪೂರ್ತಿ ಹಾಕೋಕೆ ಆಗಿರಲಿಲ್ಲ. ಹೊರಗೆ ಚಾಚಿದ ತುದಿ ಕಾನ್‌ಸ್ಟೆಬಲ್ ಕಣ್ಣಿಗೆ ಬಿತ್ತು.

ಬೈಕ್ ಓಡಿಸುತ್ತಿದ್ದವನು ಅಲ್ಲೇ ಇಳಿದು ಕತ್ತಲಲ್ಲಿ ಓಡಿಹೋದ. ಬೈಕು ಅಲ್ಲೇ ಉಳಿಯಿತು, ನಂಬರ್ ಪ್ಲೇಟ್ ಸಮೇತ. ಹುಡುಗನನ್ನು ನಾನು ಕೇಳಿದೆ, ಯಾರಪ್ಪಾ ಇದನ್ನ ಕೊಟ್ಟಿದ್ದು ಅಂತ. ತಲೆ ಎತ್ತದೇ ಹೇಳಿದ: "ಅಣ್ಣ ಇಟ್ಕ ಅಂದ ಮೇಡಂ, ಇಟ್ಕಂಡೆ. ನಾಳೆ ಇಸ್ಕಂತೀನಿ ಅಂದಿದ್ದ." ಆ ಅಣ್ಣ ಸ್ವಂತ ಅಣ್ಣ ಅಲ್ಲ. ಏರಿಯಾದ ಅಣ್ಣ. ಹುಟ್ಟುಹಬ್ಬಕ್ಕೆ ಸರ್ಕಲ್‌ನಲ್ಲಿ ಫ್ಲೆಕ್ಸ್ ಕಟ್ಟಿಸಿಕೊಳ್ಳುವ ಅಣ್ಣ. ಹುಡುಗರ ಬೈಕಿಗೆ ಪೆಟ್ರೋಲ್ ಹಾಕಿಸುವ, ರಾತ್ರಿ ಬಿರಿಯಾನಿ ಕೊಡಿಸುವ ಅಣ್ಣ. ಅವನ ಹೆಸರನ್ನು ಹುಡುಗ ಠಾಣೆಯಲ್ಲೂ ಹೇಳಿದ್ದನಂತೆ. ಕಾಗದದಲ್ಲಿ ಮಾತ್ರ "ಓಡಿಹೋದ ಇನ್ನೊಬ್ಬ ಆಸಾಮಿ" ಅಂತಷ್ಟೇ ಇತ್ತು.

ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಕನಿಷ್ಠ ಶಿಕ್ಷೆ ಇರುವ ಘೋರ ಅಪರಾಧ ಅಲ್ಲದಿದ್ದರೆ ಮಕ್ಕಳ ಮೇಲೆ ಎಫ್‌ಐಆರ್ ಹಾಕಬಾರದು, ಠಾಣೆಯ ಡೈರಿಯಲ್ಲಿ ಬರೆದು ಮನೆಯ ಹಿನ್ನೆಲೆಯ ವರದಿ ತಯಾರು ಮಾಡಿ ಮಂಡಳಿಗೆ ಕಳಿಸಬೇಕು ಅಂತ 2016ರ ಬಾಲ ನ್ಯಾಯ ನಿಯಮಗಳು ಹೇಳುತ್ತವೆ. ದೊಡ್ಡವರ ಜೊತೆ ಸೇರಿ ಮಾಡಿದ್ದಾದರೆ ಎಫ್‌ಐಆರ್ ಹಾಕಬಹುದು. ಈ ಹುಡುಗನ ಮೇಲೆ ಎಫ್‌ಐಆರ್ ಆದದ್ದು ಅದೇ ಕಾರಣಕ್ಕೆ. ಅಂದರೆ ದೊಡ್ಡವನೊಬ್ಬ ಇದ್ದ ಅಂತ ಹುಡುಗನ ಮೇಲೆ ಎಫ್‌ಐಆರ್ ಬಿತ್ತು, ಆ ದೊಡ್ಡವನ ಹೆಸರು ಎಫ್‌ಐಆರ್‌ನಲ್ಲಿ ಬರಲೇ ಇಲ್ಲ. ಮುಂದೆ ಹುಡುಕಿದ್ದಕ್ಕೂ ಕಡತದಲ್ಲಿ ಒಂದು ಸಾಲಿನ ಗುರುತಿಲ್ಲ.

ಅಣ್ಣಂದಿರು ಹುಡುಗರ ಬ್ಯಾಗಿಗೇ ಯಾಕೆ ಆಯುಧ ಹಾಕುತ್ತಾರೆ? ಹದಿನೆಂಟು ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೆ ಕಳಿಸುವಂತಿಲ್ಲ, 24 ಗಂಟೆಯೊಳಗೆ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಬೇಲು ಬಹುತೇಕ ಸಿಕ್ಕೇ ಸಿಗುತ್ತದೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಮಕ್ಕಳಿಗೆ ಅಂತ ಮಾಡಿದ ರಕ್ಷಣೆಯನ್ನು ಅವರು ತಮ್ಮ ರಕ್ಷಣೆಗೆ ಬಳಸಿಕೊಳ್ಳುತ್ತಿದ್ದಾರೆ. ಇದಕ್ಕೆ ಕೆಲವರು ಹೇಳುವ ಪರಿಹಾರ ಮಕ್ಕಳ ರಕ್ಷಣೆಯನ್ನೇ ಕಿತ್ತುಹಾಕಿ, ಹದಿನಾರಕ್ಕೇ ಜೈಲಿಗೆ ಕಳಿಸಿ ಅನ್ನುವುದು. ಹಾಗೆ ಮಾಡಿದರೆ ಅಣ್ಣ ಹದಿನಾಲ್ಕರವನನ್ನು ಹುಡುಕುತ್ತಾನೆ, ಅಷ್ಟೇ.

ಅಣ್ಣನನ್ನು ಹಿಡಿಯುವ ಕಾನೂನು ಆಗಲೇ ಇದೆ, ಸರ್. 2015ರ ಬಾಲ ನ್ಯಾಯ ಕಾಯ್ದೆಯ 83ನೇ ಕಲಮಿನ ಎರಡನೇ ಉಪಕಲಮು ನೋಡಿ. ಕಾನೂನುಬಾಹಿರ ಕೆಲಸಕ್ಕೆ ಮಕ್ಕಳನ್ನು ಬಳಸಿಕೊಳ್ಳುವ ದೊಡ್ಡವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿ ದಂಡ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 95ನೇ ಕಲಮು ಇನ್ನೂ ಬಿಗಿ. ಅಪರಾಧ ಮಾಡಿಸೋಕೆ ಮಗುವನ್ನು ತೊಡಗಿಸಿಕೊಂಡವನಿಗೆ ಮೂರು ವರ್ಷಕ್ಕೆ ಕಡಿಮೆ ಇಲ್ಲದ, ಹತ್ತು ವರ್ಷದವರೆಗಿನ ಸಜೆ. ಆ ಅಪರಾಧ ನಡೆದೇಬಿಟ್ಟರೆ, ಅವನೇ ಮಾಡಿದ ಹಾಗೆ ಲೆಕ್ಕ ಹಾಕಿ ಅದರ ಶಿಕ್ಷೆಯನ್ನೂ ಸೇರಿಸಬೇಕು. ಆಯುಧ ಇಟ್ಟುಕೊಂಡಿದ್ದಕ್ಕೆ ಹುಡುಗನಿಗೆ ಆಗಬಹುದಾದದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ ಶಿಕ್ಷೆ ಅದನ್ನು ಕೈಗಿಟ್ಟವನಿಗೆ ಇದೆ. ಶಾಸನ ಬರೆದವರು ದೊಡ್ಡ ತಪ್ಪು ಯಾರದ್ದು ಅಂತ ಸರಿಯಾಗಿಯೇ ತೂಗಿದ್ದಾರೆ. ಆದರೆ ಈ ಎರಡು ಕಲಮುಗಳಲ್ಲಿ ಒಂದನ್ನಾದರೂ ಹಾಕಿದ ಎಫ್‌ಐಆರ್ ಇವತ್ತಿನವರೆಗೆ ನನ್ನ ಕೈಗೆ ಬಂದಿಲ್ಲ.

ಆ ಹುಡುಗನ ಕಥೆ ಮುಂದೇನಾಯಿತು ಅಂತ ಹೇಳಬೇಕು. ಮಂಡಳಿಯವರು ತಾಳ್ಮೆಯಿಂದ ಕೇಳಿದರು. ಮಂಡಳಿ ಅಂದರೆ ಒಬ್ಬರು ಮ್ಯಾಜಿಸ್ಟ್ರೇಟ್, ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳು ಇರಲೇಬೇಕು. ಹುಡುಗನನ್ನು ತಾಯಿಯ ವಶಕ್ಕೆ ಕೊಟ್ಟು, ಪ್ರೊಬೇಷನ್ ಅಧಿಕಾರಿಯ ನಿಗಾದಲ್ಲಿ ಇಟ್ಟರು. ಸರಿಯಾದ ತೀರ್ಮಾನ. ಆದರೆ ಅಷ್ಟೊತ್ತಿಗೆ ಶಿಕ್ಷೆ ಬೇರೆ ಕಡೆ ಆಗಿಹೋಗಿತ್ತು. ಸಿಕ್ಕ ರಾತ್ರಿಯೇ ಅವನನ್ನು ಮೇಜಿನ ಹಿಂದೆ ನಿಲ್ಲಿಸಿ, ಮುಂದೆ ಲಾಂಗು ಇಟ್ಟು ತೆಗೆದ ಫೋಟೋ ಬೆಳಿಗ್ಗೆ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿತು. ಮುಖ ಮಸುಕು ಮಾಡಿರಲಿಲ್ಲ. ಕಾಲೇಜಿನ ಗ್ರೂಪಿಗೂ ಬಂತು. ಅವನು ಮತ್ತೆ ಕ್ಲಾಸಿಗೆ ಹೋಗಲಿಲ್ಲ. ಫೋಟೋ ಹಾಕಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ಮಗುವಿನ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಅಥವಾ ಎರಡೂ ಅಂತ ಅದೇ ಬಾಲ ನ್ಯಾಯ ಕಾಯ್ದೆಯ 74ನೇ ಕಲಮು ಹೇಳುತ್ತದೆ. ಕೇಸು ಮುಗಿದ ಮೇಲೆ ಅದರ ಕಳಂಕ ಹುಡುಗನ ಮೇಲೆ ಉಳಿಯಬಾರದು, ದಾಖಲೆ ನಾಶವಾಗಬೇಕು ಅಂತ 24ನೇ ಕಲಮು ಹೇಳುತ್ತದೆ. ಮಂಡಳಿಯ ಕಪಾಟಿನಲ್ಲಿರುವ ದಾಖಲೆ ನಾಶ ಮಾಡಬಹುದು. ಸಾವಿರ ಮೊಬೈಲಿನಲ್ಲಿ ಇರುವುದನ್ನು ಯಾರು ಅಳಿಸುತ್ತಾರೆ?

ಇನ್ನು ಹದಿನೆಂಟು ದಾಟಿದವರ ವಿಷಯ. ಇಲ್ಲಿ ಕಾಗದದ ಮೇಲೆ ಶಿಕ್ಷೆ ಗಟ್ಟಿಯಾಗಿದೆ. ಲೈಸೆನ್ಸ್ ಬೇಕಾದ ಆಯುಧವನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಇಷ್ಟಕ್ಕೆ ಕಡಿಮೆ ಕೊಡಬಾರದು ಅಂತ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಕನಿಷ್ಠ ಸಜೆ ನಿಗದಿ ಮಾಡಿದೆ. 2019ರಲ್ಲಿ ತಿದ್ದುಪಡಿ ಮಾಡಿ ಕಾಯ್ದೆಯನ್ನು ಇನ್ನಷ್ಟು ಬಿಗಿ ಮಾಡಿದರು. ಆದರೆ ಮಚ್ಚಿನ ಕೇಸು ಬಿದ್ದುಹೋಗುವುದು ಬೇರೆಯೇ ಕಡೆ.

ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರುವ ಅಲಗು ಇದ್ದರೆ ಅದು ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಆಯುಧ. ಮನೆಗೆಲಸಕ್ಕೆ, ಬೇಸಾಯಕ್ಕೆ, ಕಾರ್ಖಾನೆಗೆ ಅಂತ ಮಾಡಿದ್ದಾದರೆ ಅಲ್ಲ. ಈ ವಿನಾಯಿತಿ ಬೇಕೇ ಬೇಕು. ಚನ್ನಗಿರಿ ಕಡೆ ಅಡಿಕೆ ತೋಟ ಇರುವ ಯಾವ ಮನೆಯಲ್ಲಿ ಮಚ್ಚಿಲ್ಲ ಹೇಳಿ? ಎಳನೀರು ಮಾರುವವರ ಗಾಡಿಯಲ್ಲಿ, ಮಟನ್ ಅಂಗಡಿಯಲ್ಲಿ, ಕಬ್ಬು ಕಡಿಯಲು ಬರುವವರ ಗಂಟಿನಲ್ಲಿ ಇರುವುದೂ ಅದೇ. ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುವುದೂ ಅದಕ್ಕೇ. ಬೆಳಿಗ್ಗೆ ತೋಟಕ್ಕೆ ಹೊರಟ ರೈತನ ಬೈಕಿನ ಸೈಡ್ ಬ್ಯಾಗಿನ ಮಚ್ಚು ಬೇರೆ, ರಾತ್ರಿ ಹನ್ನೊಂದಕ್ಕೆ ಬಾರ್ ಮುಂದೆ ನಿಂತವನ ಅಂಗಿಯೊಳಗಿನ ಮಚ್ಚು ಬೇರೆ. ಕೋರ್ಟಿಗೆ ಆ ವ್ಯತ್ಯಾಸ ಕಾಣಬೇಕಾದರೆ ಪೊಲೀಸರು ಸ್ಥಳದಲ್ಲಿ ಬರೆಯುವ ಮಹಜರಿನಲ್ಲಿ ಅದು ಬರಬೇಕು. ಎಲ್ಲಿ ಸಿಕ್ಕಿತು, ಎಷ್ಟೊತ್ತಿಗೆ, ಹೇಗೆ ಬಚ್ಚಿಟ್ಟಿದ್ದ, ಕೇಳಿದಾಗ ಏನು ಹೇಳಿದ, ಅವನ ಕಸುಬೇನು, ಹಿಂದಿನ ದಿನ ಯಾರ ಜೊತೆ ಜಗಳ ಆಗಿತ್ತು.

ಬರುವುದೇನು ಅಂದರೆ, "ಹಿಡಿ ಸೇರಿ ಸುಮಾರು ಎರಡು ಅಡಿ ಉದ್ದದ ಕಬ್ಬಿಣದ ಮಚ್ಚು". ಕಾನೂನು ಕೇಳುವುದು ಅಲಗಿನ ಅಳತೆ. ಹಿಡಿ ಎಷ್ಟು, ಅಲಗು ಎಷ್ಟು ಅಂತ ಬೇರೆ ಬೇರೆ ಬರೆದಿರುವುದಿಲ್ಲ. ಅಗಲ ಬರೆದಿರುವುದೇ ಇಲ್ಲ. ಒಂದು ಟೇಪು ಹಿಡಿದು ಅಳೆದು ಎರಡು ಅಂಕಿ ಬರೆಯದ ತಪ್ಪಿಗೆ ಆರೋಪಿ ಪಾರಾಗುತ್ತಾನೆ. ಆ ಪ್ರದೇಶಕ್ಕೆ ಆ ಬಗೆಯ ಆಯುಧಕ್ಕೆ ಲೈಸೆನ್ಸ್ ಬೇಕು ಅಂತ ಹೊರಡಿಸಿದ ಅಧಿಸೂಚನೆಯನ್ನು ಹಾಜರುಪಡಿಸದ ಕಾರಣಕ್ಕೆ ಕೇಸು ಬಿದ್ದುಹೋದದ್ದೂ ಬೇರೆ ಬೇರೆ ರಾಜ್ಯಗಳ ತೀರ್ಪುಗಳಲ್ಲಿ ಸಿಗುತ್ತದೆ. ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರು ಸಾಕ್ಷಿಕಟ್ಟೆಗೆ ಬಂದು "ಠಾಣೆಗೆ ಕರೆದು ಸಹಿ ಹಾಕಿಸ್ಕಂಡ್ರು" ಅನ್ನುವುದಂತೂ ಎಲ್ಲರಿಗೂ ಗೊತ್ತಿರುವ ವಿಷಯ. ಆರೋಪಿ ಪರ ವಕೀಲೆಯಾಗಿ ಈ ಲೋಪಗಳನ್ನು ತೋರಿಸುವುದು ನನ್ನ ಕೆಲಸ, ತೋರಿಸುತ್ತೇನೆ, ಮುಂದೆಯೂ ತೋರಿಸುತ್ತೇನೆ. ಈ ಊರಲ್ಲಿ ಬಾಳುವವಳಾಗಿ ಹೇಳುತ್ತಿದ್ದೇನೆ: ಈ ಲೋಪಗಳನ್ನು ಮುಚ್ಚಿ. ಐದು ವರ್ಷ ಜೈಲು ಅಂತ ಹೆದರಿಸಿ ಕೊನೆಗೆ ಯಾರಿಗೂ ಏನೂ ಆಗದಿರುವುದಕ್ಕಿಂತ, ಆರು ತಿಂಗಳಲ್ಲಿ ತೀರ್ಪು ಬಂದು ಸಣ್ಣದಾದರೂ ಖಂಡಿತ ಆಗುವ ಶಿಕ್ಷೆಗೆ ಜನ ಹೆದರುತ್ತಾರೆ.

ಹದಿನೆಂಟರಿಂದ ಇಪ್ಪತ್ತೊಂದರ ನಡುವಿನವರ ಬಗ್ಗೆ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ. ಹುಟ್ಟುಹಬ್ಬ ಕಳೆದ ಮರುದಿನ ಸಿಕ್ಕರೆ ಬಾಲ ನ್ಯಾಯ ಕಾಯ್ದೆಯ ಬಾಗಿಲು ಮುಚ್ಚಿತು. ಆದರೆ ಇವರಿಗೂ ಒಂದು ಕಾನೂನಿದೆ, ತಪ್ಪು ಮಾಡಿದವರನ್ನು ಜೈಲಿಗೆ ಹಾಕದೆ ಒಳ್ಳೆ ನಡತೆಯ ಷರತ್ತಿನ ಮೇಲೆ ಬಿಡುವ 1958ರ ಪ್ರೊಬೇಷನ್ ಕಾಯ್ದೆ. ಜೀವಾವಧಿ ಶಿಕ್ಷೆ ಇಲ್ಲದ ಅಪರಾಧದಲ್ಲಿ 21 ತುಂಬದವರನ್ನು ಜೈಲಿಗೆ ಕಳಿಸುವ ಮೊದಲು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಬೇಕು, ಕಳಿಸಲೇಬೇಕಾದರೆ ಯಾಕೆ ಅಂತ ಕಾರಣ ಬರೆಯಬೇಕು ಅಂತ ಅದರ ಆರನೇ ಕಲಮು ಹೇಳುತ್ತದೆ. ಪ್ರೊಬೇಷನ್ ಮೇಲೆ ಬಿಟ್ಟರೆ ಆ ತೀರ್ಪು ಅನರ್ಹತೆಯಾಗಿ ಅಂಟಿಕೊಳ್ಳಬಾರದು ಅಂತ ಹನ್ನೆರಡನೇ ಕಲಮು ಹೇಳುತ್ತದೆ. ಕನಿಷ್ಠ ಶಿಕ್ಷೆ ನಿಗದಿಯಾಗಿದ್ದ ಒಂದು ದರೋಡೆ ಕೇಸಿನಲ್ಲೂ ಇಂಥ ಎಳೆಯರಿಗೆ 2021ರಲ್ಲಿ ಸುಪ್ರೀಂ ಕೋರ್ಟ್ ಪ್ರೊಬೇಷನ್ ಕೊಟ್ಟಿತು. ಶಸ್ತ್ರಾಸ್ತ್ರ ಕಾಯ್ದೆಗೆ ಅದನ್ನು ಎಷ್ಟರಮಟ್ಟಿಗೆ ಅನ್ವಯಿಸಬಹುದು ಅನ್ನುವುದು ವಾದ ಮಾಡಬೇಕಾದ ವಿಷಯ. ವಾದ ಮಾಡುವವರೇ ಕಮ್ಮಿ. ನಮ್ಮ ವಕೀಲ ಮಿತ್ರರಿಗೂ ಈ ಮಾತು ಸೇರಿಸಿಯೇ ಹೇಳುತ್ತಿದ್ದೇನೆ.

ಇವೆಲ್ಲ ಕೋರ್ಟ್ ಕೊಡುವ ಶಿಕ್ಷೆ. ಕೋರ್ಟಿಗೆ ಬರದೆ ಆಗುವ ಶಿಕ್ಷೆ ಒಂದಿದೆ, ರೌಡಿ ಶೀಟ್. ಇದನ್ನು ಯಾವ ನ್ಯಾಯಾಧೀಶರೂ ತೆರೆಯುವುದಿಲ್ಲ, ಠಾಣೆಯಲ್ಲಿ ತೆರೆಯುತ್ತದೆ. ಪಕ್ಕಾ ರೌಡಿಗಳ ಮೇಲೆ ಕಣ್ಣಿಡೋಕೆ ಅದು ಬೇಕು, ಒಪ್ಪುತ್ತೇನೆ. ಆದರೆ ಮೊದಲ ಸಲ ಚಾಕು ಸಮೇತ ಸಿಕ್ಕ ಹತ್ತೊಂಬತ್ತರ ಹುಡುಗನಿಗೆ ಅದನ್ನು ತೆರೆದರೆ ಪ್ರತಿ ಹಬ್ಬಕ್ಕೂ, ಪ್ರತಿ ಎಲೆಕ್ಷನ್ನಿಗೂ ಠಾಣೆಗೆ ಬಂದು ಸಾಲಿನಲ್ಲಿ ನಿಲ್ಲಬೇಕು. ಆ ಸಾಲಿನಲ್ಲಿ ಅವನ ಪಕ್ಕ ನಿಲ್ಲುವವರು ಯಾರು? ಅವನು ದೂರ ಇರಬೇಕಾದ ಅದೇ ಅಣ್ಣಂದಿರು. ಗ್ಯಾರೇಜಿನಲ್ಲಿ, ಮಂಡಿಯಲ್ಲಿ ಕೆಲಸ ಕೊಡೋಕೆ ಯಾರೂ ಮುಂದೆ ಬರುವುದಿಲ್ಲ. ಆಮೇಲೆ ಅವನಿಗೆ ಕೆಲಸ ಕೊಡುವವನು ಒಬ್ಬನೇ.

ಬೇರೆ ದೇಶದ ಮಾತು ಒಂದು ಹೇಳಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಶಿಕ್ಷೆಗೆ ದಾರಿ ತೋರಿಸುವ ಒಂದು ಮಂಡಳಿಯೇ ಇದೆ. ಆಯುಧ ಇಟ್ಟುಕೊಂಡವರಿಗೆ ಶಿಕ್ಷೆ ಹೇಗೆ ಅಳೆಯಬೇಕು ಅಂತ ಅದು ಬರೆದ ಮಾರ್ಗಸೂಚಿ 2018ರ ಜೂನ್‌ನಿಂದ ಜಾರಿಯಲ್ಲಿದೆ. ದೊಡ್ಡವರಿಗೆ ಬೇರೆ, ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಬೇರೆ. ಚಾಕು ಇತ್ತಾ, ಹೆದರಿಸೋಕೆ ತಂದಿದ್ದಾ, ಶಾಲೆಯಂಥ ಜಾಗದಲ್ಲಿ ಸಿಕ್ಕಿತಾ ಅಂತ ಒಂದೊಂದನ್ನೂ ತೂಗಿ ನೋಡಬೇಕು. ಅವರದ್ದು ಮೆದು ಕಾನೂನು ಅಂದುಕೊಳ್ಳಬೇಡಿ. ಎರಡನೇ ಸಲ ಸಿಕ್ಕರೆ ದೊಡ್ಡವರಿಗೆ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಜೈಲು, ಹದಿನಾರು-ಹದಿನೇಳರವರಿಗೂ ಕನಿಷ್ಠ ನಾಲ್ಕು ತಿಂಗಳ ಬಂಧನ ಮತ್ತು ತರಬೇತಿ. ಆ ಕನಿಷ್ಠ ಸಜೆ ನನಗೆ ಒಪ್ಪಿಗೆ ಇಲ್ಲ. ಆದರೆ ಏನನ್ನು ನೋಡಿ ಶಿಕ್ಷೆ ಕೊಟ್ಟರು ಅನ್ನುವುದು ಅಲ್ಲಿ ಎಲ್ಲರೂ ಓದಬಹುದಾದ ಹಾಗೆ ಬರಹದಲ್ಲಿದೆ. ನಮ್ಮಲ್ಲಿ ಅಂಥದ್ದಿಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲೇ ಶಿಕ್ಷೆಗೆ ಮಾರ್ಗಸೂಚಿ ಬೇಕು ಅಂತ ವರದಿ ಕೊಟ್ಟಿತು. ಅದು ಕಪಾಟಿನಲ್ಲೇ ಕೂತಿದೆ. ನಮ್ಮ ಸಂಸದರಿಗೆ, ಶಾಸಕರಿಗೆ ಇದನ್ನು ನೆನಪಿಸಬೇಕಾದವರು ನಾವೇ.

ತಂದೆ-ತಾಯಂದಿರೇ, ನಿಮಗೆ ಎರಡು ಮಾತು. ಮಗ ತಲವಾರಿನಲ್ಲಿ ಕೇಕ್ ಕತ್ತರಿಸಿದ ವಿಡಿಯೋ ಸ್ಟೇಟಸ್‌ನಲ್ಲಿ ಬಂದರೆ ನಕ್ಕು ಲೈಕ್ ಕೊಡಬೇಡಿ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಲಾಂಗು ಹಿಡಿದು ರೀಲ್ಸ್ ಮಾಡಿದ ಇಬ್ಬರು ಟಿವಿ ಕಲಾವಿದರೇ ಅರೆಸ್ಟ್ ಆದರು. ಸುಮ್ನೆ ಶೋಕಿಗೆ ಮಾಡಿದ್ದು ಅಂದರೆ ಪೊಲೀಸರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಇನ್ನೊಂದು, ಮಗ ಸಿಕ್ಕಿಬಿದ್ದರೆ ಅಣ್ಣ ಕಳಿಸಿದ ವಕೀಲರ ಹತ್ತಿರ ಹೋಗಬೇಡಿ. ಅವರು ಅಣ್ಣನ ಹೆಸರು ಬಾಯಿಬಿಡದಂತೆ ನೋಡಿಕೊಳ್ಳೋಕೆ ಬರಬಹುದು. ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, ಮಕ್ಕಳಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಹುಡುಗನಿಗೆ ಯಾರು ಕೊಟ್ಟರು ಅಂತ ಹೇಳೋಕೆ ಧೈರ್ಯ ಬರಬೇಕಾದರೆ ಮೊದಲು ಮನೆಯಲ್ಲಿ ಹೊಡೆಯದೆ ಕೇಳಿ.

ವರಿಷ್ಠಾಧಿಕಾರಿಗಳೇ, ನಿಮ್ಮಿಂದ ನಾನು ಕೇಳುವುದಕ್ಕೆ ಹೊಸ ಕಾನೂನೂ ಬೇಡ, ಹೊಸ ಬಜೆಟ್ಟೂ ಬೇಡ. ಹದಿನೆಂಟರೊಳಗಿನವನ ಬಳಿ ಆಯುಧ ಸಿಕ್ಕ ಪ್ರತಿ ಕೇಸಿನಲ್ಲೂ ಕೊಟ್ಟವರು ಯಾರು ಅಂತ ಬರೆದು ಕೇಳಿ, ಉತ್ತರವನ್ನು ಕಡತದಲ್ಲಿ ಇಡಿ. ಹೆಸರು ಸಿಕ್ಕರೆ 83 ಮತ್ತು 95ನೇ ಕಲಮು ಹಾಕಿ, ಅವನು ಯಾವ ಪಕ್ಷದ ಫ್ಲೆಕ್ಸಿನಲ್ಲಿ ಇದ್ದರೂ ಸರಿ. ಹೆಸರು ಹೇಳಿದ ಹುಡುಗನ ಮನೆ ಕಡೆ ಬೀಟ್ ಪೊಲೀಸರು ಒಂದು ಕಣ್ಣಿಟ್ಟಿರಲಿ. ಮಕ್ಕಳನ್ನು ಆಯುಧದ ಮುಂದೆ ನಿಲ್ಲಿಸಿ ಫೋಟೋ ತೆಗೆಯುವುದನ್ನು ಒಂದು ಮೆಮೋ ಹೊರಡಿಸಿ ನಿಲ್ಲಿಸಿ. ಮಹಜರಿನಲ್ಲಿ ಅಲಗಿನ ಉದ್ದ, ಅಗಲ ಬೇರೆ ಬೇರೆ ಬರಲಿ. 21ರೊಳಗಿನವರು ಮೊದಲ ಸಲ ಸಿಕ್ಕಾಗ, ಯಾರಿಗೂ ಗಾಯ ಆಗಿರದಿದ್ದರೆ, ರೌಡಿ ಶೀಟ್ ತೆರೆಯುವ ಮೊದಲು ಕಡತ ನಿಮ್ಮ ಮೇಜಿಗೆ ಬರಲಿ.

ಗಣಪತಿ ಹಬ್ಬದ ಬಂದೋಬಸ್ತ್ ಸಭೆಗೆ ಪ್ರತಿ ಠಾಣೆಯಿಂದ ಇನ್ಸ್‌ಪೆಕ್ಟರುಗಳು ಬರುತ್ತಾರಲ್ಲ, ಈ ಸಲ ಅವರ ಜೊತೆ ಠಾಣೆಗಳ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗಳು, ಸರ್ಕಾರಿ ಅಭಿಯೋಜಕರು ಮತ್ತು ಪ್ರೊಬೇಷನ್ ಅಧಿಕಾರಿಯನ್ನೂ ಕರೆಯಿರಿ. ಒಂದು ಗಂಟೆ ಈ ವಿಷಯಕ್ಕೆ ಕೊಡಿ. ವಕೀಲರ ಕಡೆಯಿಂದ ಮಾತಾಡೋಕೆ ನಾನು ಬರುತ್ತೇನೆ, ಇನ್ನೂ ಕೆಲವರನ್ನು ಕರೆತರುತ್ತೇನೆ.

ವಿಶ್ವಾಸದಿಂದ,
ಒಬ್ಬ ವಕೀಲೆ
ದಾವಣಗೆರೆ